ರನ್ ಡಿಫೆನ್ಸ್ ಮತ್ತು ಪಂದ್ಯಜೋಡಿಯ ಅದೃಷ್ಟ (ಫುಟ್‌ಬಾಲ್ ಮ್ಯಾನೇಜ್‌ಮೆಂಟ್ ಆಟಗಳಲ್ಲಿ)

ಅಮೆರಿಕನ್ ಫುಟ್‌ಬಾಲಿನಲ್ಲಿ ಎದುರಾಳಿ ಚೆಂಡನ್ನು ಎಸೆಯದೆ ಕೈಯಲ್ಲಿ ಹಿಡಿದು ಓಡಿದಾಗ ಅವನನ್ನು ತಡೆಯುವ ವ್ಯೂಹಕ್ಕೆ ರನ್ ಡಿಫೆನ್ಸ್ ಎನ್ನುತ್ತಾರೆ. ಆಕ್ರಮಣ ಮಾಡುವ ತಂಡಕ್ಕೆ 10 ಯಾರ್ಡ್ ಮುಂದೆ ಸಾಗಲು ನಾಲ್ಕು ಅವಕಾಶಗಳಿರುತ್ತವೆ. ಇವೇ ಡೌನ್‌ಗಳು. ಆ 10 ಯಾರ್ಡ್ ಕ್ರಿಕೆಟ್ ಪಿಚ್ಚಿನ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಓಟದಲ್ಲಿ ಪ್ರತಿ ಸಲ ಮೂರೂವರೆ ಯಾರ್ಡ್ ಬಿಟ್ಟುಕೊಟ್ಟರೂ ಮೂರು ಡೌನ್‌ಗಳಲ್ಲಿ ಆ ಗೆರೆ ದಾಟಿಹೋಗುತ್ತದೆ. ಹಾಗಾಗಿ ರಕ್ಷಣೆ ಲೆಕ್ಕವಿಡುವುದು ಒಂದೆರಡು ಯಾರ್ಡ್‌ಗಳನ್ನೇ.

ಆನ್‌ಲೈನ್ ಮ್ಯಾನೇಜ್‌ಮೆಂಟ್ ಆಟಗಳಲ್ಲಿ ಆಡುವವರು ಆಟಗಾರನನ್ನು ತಾವೇ ಓಡಿಸುವುದಿಲ್ಲ. ತಂಡ ಕಟ್ಟುತ್ತಾರೆ, ತರಬೇತಿ ಕೊಡಿಸುತ್ತಾರೆ, ಗೇಮ್‌ಪ್ಲಾನ್ ಬರೆದಿಡುತ್ತಾರೆ. ಪಂದ್ಯ ಆಡಿಸುವುದು ಕಂಪ್ಯೂಟರ್. ಫಲಿತಾಂಶ ಬಂದಾಗ ಅದರಲ್ಲಿ ವ್ಯೂಹದ ಪಾಲೆಷ್ಟು, ಆ ವಾರ ಎದುರಿಗೆ ಬಿದ್ದ ತಂಡದ, ಅಂದರೆ ಪಂದ್ಯಜೋಡಿಯ, ಪಾಲೆಷ್ಟು, ಬರೀ ಅದೃಷ್ಟದ ಪಾಲೆಷ್ಟು ಎಂದು ಬಿಡಿಸಿ ನೋಡುವುದು ಈ ಆಟಗಳಲ್ಲಿನ ಅತ್ಯಂತ ಕಷ್ಟದ ಕೆಲಸ.

ಹಿನ್ನೆಲೆ

ಈ ಆಟಗಳ ಮೂಲ ಮೇಜಿನ ಮೇಲಿನ ಆಟಗಳಲ್ಲಿದೆ. 1968ರಲ್ಲಿ ಬಂದ ಸ್ಟ್ರಾಟ್-ಓ-ಮ್ಯಾಟಿಕ್ ಫುಟ್‌ಬಾಲಿನಲ್ಲಿ ಆಟಗಾರರಿಗೆ ಕಾರ್ಡುಗಳಿದ್ದವು. ಮುಂದಿನದು ಓಟವೋ, ಚೆಂಡು ಎಸೆಯುವ ಪಾಸೋ ಎಂದು ರಕ್ಷಣೆಯವರು ಊಹಿಸಬೇಕಿತ್ತು. ಊಹೆ ಸರಿಯಾದರೆ ಕಾರ್ಡಿನ ಒಂದು ಅಂಕಣ, ತಪ್ಪಿದರೆ ಇನ್ನೊಂದು. ನಂತರದ ಕಂಪ್ಯೂಟರ್ ಆಟಗಳು ಎಷ್ಟೇ ಸಂಕೀರ್ಣವಾದರೂ ಅವುಗಳ ಒಳಗಿನ ತರ್ಕ ಬಹುಮಟ್ಟಿಗೆ ಇದೇ. ಜಿಮ್ ಗಿಂಡಿನ್ ರೂಪಿಸಿದ ಫ್ರಂಟ್ ಆಫೀಸ್ ಫುಟ್‌ಬಾಲ್ 1998ರಲ್ಲಿ ಬಂತು. ಹತ್ತಾರು ಮಂದಿ ಒಂದೇ ಲೀಗಿನಲ್ಲಿ ತಲಾ ಒಂದು ತಂಡ ನಡೆಸುವ ಪದ್ಧತಿ ಅದರ ಸುತ್ತ ಬೆಳೆಯಿತು.

ಅಮೆರಿಕದಾಚೆ, ಜರ್ಮನಿಯಲ್ಲಿ ಮ್ಯಾನೇಜ್‌ಮೆಂಟ್ ಆಟಗಳಿಗೆ ಮೊದಲಿನಿಂದಲೂ ದೊಡ್ಡ ಬಳಗವಿದೆ, ಆದರೆ ಅದು ಹೆಚ್ಚಾಗಿ ಕಾಲ್ಚೆಂಡಿನದು (ಸಾಕರ್). 1989ರ ಬುಂಡೆಸ್‌ಲೀಗಾ ಮ್ಯಾನೇಜರ್ ಮತ್ತು 1993ರ ಆನ್‌ಸ್ಟೋಸ್ ಅಲ್ಲಿ ಮನೆಮಾತಾಗಿದ್ದವು. ಅಮೆರಿಕನ್ ಫುಟ್‌ಬಾಲ್ ಆಟಗಳು ಈ ಬಳಗದ ಅಂಚಿನಲ್ಲಿ ಬೆಳೆದವು.

ಗ್ಯಾಪ್‌ಗಳ ಲೆಕ್ಕ

ಓಟಗಾರ ನುಗ್ಗುವುದು ಆಕ್ರಮಣದ ಸಾಲಿನಲ್ಲಿ ಇಬ್ಬರ ನಡುವಿನ ಸಂದಿಯಿಂದ. ಸಾಲಿನ ಮಧ್ಯೆ ನಿಲ್ಲುವ ಸೆಂಟರ್ ಮತ್ತು ಅವನ ಪಕ್ಕದ ಗಾರ್ಡ್ ನಡುವಿನದು ಎ ಗ್ಯಾಪ್, ಗಾರ್ಡ್ ಮತ್ತು ಟ್ಯಾಕಲ್ ನಡುವಿನದು ಬಿ, ಟ್ಯಾಕಲ್ ಮತ್ತು ಟೈಟ್ ಎಂಡ್ ನಡುವಿನದು ಸಿ, ಅದರಾಚೆಯದು ಡಿ. ಎಲ್ಲ ಗ್ಯಾಪಿಗೂ ಒಬ್ಬ ಹೊಣೆಗಾರ ಇರಲೇಬೇಕು ಎಂಬುದು ರನ್ ಡಿಫೆನ್ಸಿನ ಮೊದಲ ನಿಯಮ. ಒಂದು ಗ್ಯಾಪ್ ಖಾಲಿ ಬಿದ್ದರೆ ಉಳಿದ ಹತ್ತು ಮಂದಿ ಎಷ್ಟು ಚೆನ್ನಾಗಿ ಆಡಿದರೂ ಓಟಗಾರ ಅಲ್ಲಿಂದಲೇ ಪಾರಾಗುತ್ತಾನೆ.

ಈ ಹೊಣೆ ಹಂಚುವುದಕ್ಕೆ ಎರಡು ದಾರಿಗಳಿವೆ. ಒಂದು ಗ್ಯಾಪಿನ ಪದ್ಧತಿಯಲ್ಲಿ ರಕ್ಷಣೆಯ ಮುಂದಿನ ಸಾಲಿನ ಪ್ರತಿ ಲೈನ್‌ಮನ್ ತನ್ನ ಸಂದಿಯೊಳಕ್ಕೆ ನುಗ್ಗುತ್ತಾನೆ. ಇದಕ್ಕೆ ವೇಗ ಮುಖ್ಯ. ಎರಡು ಗ್ಯಾಪಿನ ಪದ್ಧತಿಯಲ್ಲಿ ಅವನು ಎದುರಿನವನನ್ನು ಹಿಡಿದು ನಿಲ್ಲಿಸಿ, ಓಟಗಾರ ಯಾವ ಬದಿಗೆ ವಾಲುತ್ತಾನೆಂದು ನೋಡಿ ಅತ್ತ ಸರಿಯುತ್ತಾನೆ. ಇದಕ್ಕೆ ತೂಕ ಮತ್ತು ಬಲ ಬೇಕು. ಮುಂದೆ ಮೂವರು ಲೈನ್‌ಮನ್‌ಗಳು, ಅವರ ಹಿಂದೆ ನಾಲ್ವರು ಲೈನ್‌ಬ್ಯಾಕರ್‌ಗಳು ನಿಲ್ಲುವ 3-4 ವ್ಯೂಹದ ಹಳೆಯ ಮಾದರಿಯಲ್ಲಿ ಸೆಂಟರಿನ ಎದುರು ನಿಲ್ಲುವ ನೋಸ್ ಟ್ಯಾಕಲ್ ಎರಡೂ ಎ ಗ್ಯಾಪ್‌ಗಳನ್ನು ಹೊರುತ್ತಾನೆ. ಮ್ಯಾನೇಜ್‌ಮೆಂಟ್ ಆಟಗಳಲ್ಲಿ ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ವೇಗದ ಅಂಕ ನೋಡಿ ಹಗುರ ಲೈನ್‌ಮನ್‌ಗಳನ್ನು ಕೊಂಡು, ಎರಡು ಗ್ಯಾಪ್ ಹೊರಬೇಕಾದ ಜಾಗದಲ್ಲಿ ಅವರನ್ನು ನಿಲ್ಲಿಸುತ್ತಾರೆ. ತಂಡದ ಒಟ್ಟು ಅಂಕ ಚೆನ್ನಾಗಿಯೇ ಕಾಣುತ್ತದೆ, ಮಧ್ಯದ ಓಟ ಮಾತ್ರ ನಿಲ್ಲುವುದಿಲ್ಲ.

ಇನ್ನೊಂದು ಲೆಕ್ಕ ಬಾಕ್ಸಿನದು, ಅಂದರೆ ಸಾಲಿನ ಹತ್ತಿರ ಎಷ್ಟು ಮಂದಿ ರಕ್ಷಕರನ್ನು ಕೂಡಿಸಬೇಕು ಎಂಬುದು. ಎಂಟನೆಯವನನ್ನು ಮುಂದೆ ತಂದರೆ ಓಟ ಕುಗ್ಗುತ್ತದೆ, ಹಿಂದೆ ಪಾಸಿಗೆ ಜಾಗ ತೆರೆಯುತ್ತದೆ. ಬಡ್ಡಿ ರಯಾನ್ ರೂಪಿಸಿದ 46 ವ್ಯೂಹ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನಲ್ಲಿ 1985ರ ಶಿಕಾಗೋ ಬೇರ್ಸ್ ತಂಡದೊಂದಿಗೆ ಪ್ರಸಿದ್ಧವಾದದ್ದು ಸಾಲಿನ ಮುಂದೆ ಹೀಗೆ ಒತ್ತಡ ಹೇರಿದ್ದರಿಂದ. 2000ರ ಬಾಲ್ಟಿಮೋರ್ ರೇವನ್ಸ್ ತಂಡದ ದಾರಿ ಬೇರೆ. ಭಾರೀ ಗಾತ್ರದ ಇಬ್ಬರು ರಕ್ಷಣಾ ಟ್ಯಾಕಲ್‌ಗಳು ಮುಂದಿನ ಸಾಲನ್ನು ಹಿಡಿದಿಟ್ಟರೆ ಹಿಂದಿನಿಂದ ಲೈನ್‌ಬ್ಯಾಕರ್‌ಗಳು ಬಂದು ಬೀಳುತ್ತಿದ್ದರು. ಆ ತಂಡ 16 ಪಂದ್ಯಗಳಲ್ಲಿ ಓಟದಿಂದ ಬಿಟ್ಟುಕೊಟ್ಟದ್ದು 970 ಯಾರ್ಡ್ ಮಾತ್ರ. 16 ಪಂದ್ಯಗಳ ಸೀಸನ್ನಿನಲ್ಲಿ ಅದು ದಾಖಲೆ.

ಊಹೆಯ ಗಣಿತ

ಓಟ-ಪಾಸಿನ ಊಹೆಯಾಟಕ್ಕೆ ಗಣಿತದ ಅಡಿಪಾಯ ಸಿಕ್ಕಿದ್ದು ಜರ್ಮನ್ ಭಾಷೆಯಲ್ಲಿ. ಇಬ್ಬರ ಆಟದಲ್ಲಿ ಒಬ್ಬನ ಲಾಭ ಇನ್ನೊಬ್ಬನ ನಷ್ಟವೇ ಆಗಿದ್ದಾಗ, ತಂತ್ರಗಳನ್ನು ಒಂದು ನಿರ್ದಿಷ್ಟ ಪ್ರಮಾಣದಲ್ಲಿ ಬೆರೆಸಿ ಆಡಿದರೆ ಇಬ್ಬರಿಗೂ ಅದಕ್ಕಿಂತ ಒಳ್ಳೆಯ ದಾರಿ ಇರುವುದಿಲ್ಲ ಎಂದು ಜಾನ್ ಫಾನ್ ನಾಯ್ಮನ್ 1928ರ ಲೇಖನದಲ್ಲಿ ಸಾಧಿಸಿದರು.

ಒಂದು ಸರಳ ಉದಾಹರಣೆ. ರಕ್ಷಣೆ ಓಟಕ್ಕೆ ಸಜ್ಜಾಗಿದ್ದಾಗ ಓಟ ಬಂದರೆ ಸರಾಸರಿ 2 ಯಾರ್ಡ್, ಪಾಸ್ ಬಂದರೆ 9 ಯಾರ್ಡ್ ಎಂದುಕೊಳ್ಳೋಣ. ಪಾಸಿಗೆ ಸಜ್ಜಾಗಿದ್ದಾಗ ಓಟಕ್ಕೆ 6, ಪಾಸಿಗೆ 4. ಎದುರಾಳಿ ಏನೇ ಆಡಿದರೂ ಒಂದೇ ಲಾಭ ಸಿಗುವಂತೆ ಮಾಡಬೇಕಾದರೆ ರಕ್ಷಣೆ ಒಂಬತ್ತರಲ್ಲಿ ಎರಡು ಸಲ, ಅಂದರೆ ಶೇ. 22ರಷ್ಟು ಮಾತ್ರ, ಓಟಕ್ಕೆ ಸಜ್ಜಾಗಬೇಕು. ಆಕ್ರಮಣ ಒಂಬತ್ತರಲ್ಲಿ ಐದು ಸಲ ಓಡಬೇಕು. ಆಗ ಪ್ರತಿ ಆಟಕ್ಕೆ ಸರಾಸರಿ 5.1 ಯಾರ್ಡ್.

ಈಗ ಮ್ಯಾನೇಜರ್ ಹಣ ಸುರಿದು ಬಲಿಷ್ಠ ನೋಸ್ ಟ್ಯಾಕಲ್ ಒಬ್ಬನನ್ನು ತಂದನೆನ್ನೋಣ. ಓಟಕ್ಕೆ ಸಜ್ಜಾಗಿದ್ದಾಗಿನ 2 ಯಾರ್ಡ್ ಸೊನ್ನೆಗೆ ಇಳಿಯಿತು. ಇಷ್ಟು ಒಳ್ಳೆಯ ರನ್ ಡಿಫೆನ್ಸ್ ಇದ್ದಮೇಲೆ ಅದನ್ನು ಇನ್ನಷ್ಟು ಹೆಚ್ಚಾಗಿ ಬಳಸಬೇಕು ಎಂದು ಅನಿಸುವುದು ಸಹಜ. ಲೆಕ್ಕ ಹೇಳುವುದು ಅದಕ್ಕೆ ವಿರುದ್ಧ. ಹೊಸ ಸಮತೋಲದಲ್ಲಿ ರಕ್ಷಣೆ ಹನ್ನೊಂದರಲ್ಲಿ ಎರಡು ಸಲ, ಶೇ. 18ರಷ್ಟು ಮಾತ್ರ, ಓಟಕ್ಕೆ ಸಜ್ಜಾಗಬೇಕು. ಎದುರಾಳಿಯೇ ಹೆದರಿ ಓಟವನ್ನು ಶೇ. 56ರಿಂದ ಶೇ. 45ಕ್ಕೆ ಇಳಿಸುತ್ತಾನೆ, ಸರಾಸರಿ 4.9 ಯಾರ್ಡಿಗೆ ಬರುತ್ತದೆ. ಆ ಆಟಗಾರನ ಬೆಲೆ ಅವನು ನಿಲ್ಲಿಸಿದ ಓಟಗಳಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ, ಏಕೆಂದರೆ ಎದುರಾಳಿ ಆಡದೇ ಬಿಟ್ಟ ಓಟಗಳು ಅಂಕಿಅಂಶದ ಪುಟಕ್ಕೆ ಬರುವುದೇ ಇಲ್ಲ. ಮ್ಯಾನೇಜ್‌ಮೆಂಟ್ ಆಟಗಳಲ್ಲಿ ಒಳ್ಳೆಯ ನೋಸ್ ಟ್ಯಾಕಲ್‌ಗಳು ಅಗ್ಗವಾಗಿ ಸಿಗುವುದಕ್ಕೆ ಇದೂ ಒಂದು ಕಾರಣವಿರಬಹುದು.

ಈ ಲೆಕ್ಕ ಎದುರಾಳಿ ಜಾಣನಾಗಿದ್ದರೆ ಮಾತ್ರ ಪೂರ್ತಿ ಅನ್ವಯಿಸುತ್ತದೆ. ಗೇಮ್‌ಪ್ಲಾನನ್ನು ಒಮ್ಮೆ ಬರೆದು ಸೀಸನ್ ಇಡೀ ಮುಟ್ಟದೆ ಬಿಡುವವರೂ ಇದ್ದಾರೆ. ಅಂಥವರ ಹಿಂದಿನ ನಾಲ್ಕೈದು ಪಂದ್ಯಗಳನ್ನು ತೆರೆದು, ಮೊದಲ ಡೌನಿನಲ್ಲಿ ಎಷ್ಟು ಸಲ ಓಡಿದ್ದಾರೆ, ಎರಡನೆಯ ಡೌನಿನಲ್ಲಿ 7 ಯಾರ್ಡಿಗಿಂತ ಹೆಚ್ಚು ಉಳಿದಾಗ ಏನು ಮಾಡಿದ್ದಾರೆ ಎಂದು ಸಾಲುಸಾಲಾಗಿ ಎಣಿಸಿದರೆ, ಸಮತೋಲವನ್ನು ಬಿಟ್ಟು ನೇರವಾಗಿ ಅವರ ಅಭ್ಯಾಸಕ್ಕೇ ಹೊಡೆಯಬಹುದು. ಈ ಎಣಿಕೆಗೆ ತಾಳ್ಮೆ ಬೇಕು, ಆದರೆ ಆಟದಲ್ಲಿ ನಿಜವಾದ ಕೌಶಲವಿರುವುದು ಇಲ್ಲಿಯೇ.

ಮ್ಯೂನಿಕ್‌ನ ಎರಡು ಪಂದ್ಯಗಳು

ಪಂದ್ಯಜೋಡಿ ಲೆಕ್ಕವನ್ನು ಹೇಗೆ ತಲೆಕೆಳಗು ಮಾಡುತ್ತದೆಂಬುದಕ್ಕೆ ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಎರಡು ನಿದರ್ಶನಗಳಿವೆ. ಜರ್ಮನಿಯ ನೆಲದಲ್ಲಿ ಎನ್‌ಎಫ್‌ಎಲ್‌ನ ಮೊದಲ ಲೀಗ್ ಪಂದ್ಯ 2022ರ ನವೆಂಬರ್ 13ರಂದು ಮ್ಯೂನಿಕ್‌ನ ಅಲಿಯಾನ್ಸ್ ಅರೇನಾದಲ್ಲಿ ನಡೆಯಿತು. ಟಾಂಪಾ ಬೇ ತಂಡ ಓಟದಲ್ಲಿ ಇಡೀ ಲೀಗಿಗೇ ಕೊನೆಯ ಸ್ಥಾನದಲ್ಲಿತ್ತು. ಸಿಯಾಟಲ್ ಸತತ ನಾಲ್ಕು ಪಂದ್ಯ ಗೆದ್ದು ಬಂದಿತ್ತು. ಆ ದಿನ ಟಾಂಪಾ ಬೇ ಓಟದಿಂದಲೇ 161 ಯಾರ್ಡ್ ಗಳಿಸಿತು. ಅದರಲ್ಲಿ ರಶಾದ್ ವೈಟ್ ಪಾಲು 22 ಓಟಗಳಲ್ಲಿ 105. ಸಿಯಾಟಲ್‌ನ ಕೆನೆತ್ ವಾಕರ್‌ಗೆ 10 ಓಟಗಳಲ್ಲಿ ಸಿಕ್ಕಿದ್ದು 17 ಯಾರ್ಡ್. ಟಾಂಪಾ ಬೇ ಸಿಯಾಟಲ್ ತಂಡವನ್ನು 21-16ರಿಂದ ಸೋಲಿಸಿತು. ಸೀಸನ್ನಿನ ಸರಾಸರಿ ನೋಡಿ ಗೇಮ್‌ಪ್ಲಾನ್ ಬರೆದಿದ್ದರೆ ಯಾವ ಮ್ಯಾನೇಜರೂ ಟಾಂಪಾ ಬೇಯ ಓಟಕ್ಕೆ ಎಂಟನೆಯವನನ್ನು ಮುಂದೆ ತರುತ್ತಿರಲಿಲ್ಲ.

2024ರ ನವೆಂಬರ್ 10ರಂದು ಅದೇ ಮೈದಾನದಲ್ಲಿ ಕ್ಯಾರೊಲೈನಾ ತಂಡ ನ್ಯೂಯಾರ್ಕ್ ಜೈಂಟ್ಸನ್ನು 20-17ರಿಂದ ಸೋಲಿಸಿತು. ಕ್ಯಾರೊಲೈನಾದ ಚುಬಾ ಹಬ್ಬರ್ಡ್ 28 ಓಟಗಳಲ್ಲಿ 153 ಯಾರ್ಡ್ ಗಳಿಸಿದರೂ ಪಂದ್ಯ ಹೆಚ್ಚುವರಿ ಸಮಯಕ್ಕೆ ಹೋಯಿತು. ಅಲ್ಲಿ ಜೈಂಟ್ಸ್‌ನ ಮೊದಲ ಆಟದಲ್ಲೇ ಓಟಗಾರನ ಕೈಯಿಂದ ಚೆಂಡು ಜಾರಿ ಕ್ಯಾರೊಲೈನಾ ಪಾಲಾಯಿತು. ಬಳಿಕ ಅದು ಒದ್ದು ಗಳಿಸಿದ ಫೀಲ್ಡ್ ಗೋಲಿನಿಂದ ಪಂದ್ಯ ಮುಗಿಯಿತು. ಚೆಂಡು ಜಾರಿಸುವುದರಲ್ಲಿ ರಕ್ಷಕನ ಕೌಶಲವಿದೆ. ನೆಲಕ್ಕೆ ಬಿದ್ದ ಚೆಂಡು ಯಾರಿಗೆ ಸಿಗುತ್ತದೆ ಎಂಬುದು ಬಹುಪಾಲು ಸಮ-ಸಮ ಸಂಭವ.

ಸೀಸನ್ನಿನ ಅದೃಷ್ಟ

ಜರ್ಮನಿಯಲ್ಲಿ ಅಮೆರಿಕನ್ ಫುಟ್‌ಬಾಲಿನ ಅಗ್ರ ಲೀಗ್ ಆದ ಜಿಎಫ್‌ಎಲ್ 1979ರಲ್ಲಿ ಆರಂಭವಾಯಿತು. ಮೊದಲ ಫೈನಲಿನಲ್ಲಿ ಫ್ರಾಂಕ್‌ಫರ್ಟರ್ ಲೋವೆನ್ ತಂಡ ಬವೇರಿಯಾದ ಆನ್ಸ್‌ಬಾಖ್ ಗ್ರಿಜ್ಲೀಸನ್ನು 14-8ರಿಂದ ಮಣಿಸಿತು. ಮ್ಯೂನಿಕ್‌ಗೆ ಸುಮಾರು 80 ಕಿ.ಮೀ. ಉತ್ತರಕ್ಕಿರುವ, ಔಡಿ ಕಾರುಗಳ ತವರಾದ ಇಂಗೋಲ್‌ಸ್ಟಾಟ್ ನಗರದ ಡ್ಯೂಕ್ಸ್ ತಂಡ 2010ರ ದಶಕದ ಕೊನೆಯ ವರ್ಷಗಳಲ್ಲಿ ಈ ಲೀಗಿನ ದಕ್ಷಿಣ ಗುಂಪಿನಲ್ಲಿ ಆಡಿತು. ಆಗ ಗುಂಪಿನ ಎಂಟು ತಂಡಗಳೂ ಒಂದನ್ನೊಂದು ಎರಡು ಸಲ ಎದುರಿಸುತ್ತಿದ್ದವು. ಒಟ್ಟು 14 ಪಂದ್ಯ. ವೇಳಾಪಟ್ಟಿಯ ಅದೃಷ್ಟಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ. ಎನ್‌ಎಫ್‌ಎಲ್‌ನಲ್ಲಿ ಹಾಗಲ್ಲ: 32 ತಂಡಗಳಲ್ಲಿ ಒಂದು ತಂಡ 17 ಪಂದ್ಯಗಳಲ್ಲಿ ಎದುರಿಸುವುದು 14 ತಂಡಗಳನ್ನು ಮಾತ್ರ. ಓಟದ ತಂಡಗಳೇ ಸಾಲಾಗಿ ಬಿದ್ದರೆ ಒಳ್ಳೆಯ ರನ್ ಡಿಫೆನ್ಸಿಗೆ ಸುಗ್ಗಿ. ಪಾಸಿನ ತಂಡಗಳು ಬಿದ್ದರೆ ಅದೇ ಹೂಡಿಕೆ ದಂಡ. 32 ತಂಡಗಳ ಆನ್‌ಲೈನ್ ಲೀಗುಗಳು ಹೆಚ್ಚಾಗಿ ಈ ಅಮೆರಿಕನ್ ಮಾದರಿಯನ್ನೇ ಅನುಸರಿಸುತ್ತವೆ.

ವೇಳಾಪಟ್ಟಿ ಸಮನಾಗಿದ್ದರೂ ಅದೃಷ್ಟ ಪೂರ್ತಿ ಹೋಗುವುದಿಲ್ಲ. ಪ್ರತಿ ಪಂದ್ಯವನ್ನೂ ನಾಣ್ಯ ಚಿಮ್ಮಿ ನಿರ್ಧರಿಸಿದರೂ 14 ಪಂದ್ಯಗಳಲ್ಲಿ ಶೇ. 18ರಷ್ಟು ಸಲ ಗೆಲುವು 10 ಅಥವಾ ಹೆಚ್ಚು, ಇಲ್ಲವೇ 4 ಅಥವಾ ಕಡಿಮೆ ಬರುತ್ತದೆ. ಓಟದ ಅಂಕಿಗಳೂ ಅಷ್ಟೇ ಚಂಚಲ. 24 ಓಟಗಳನ್ನು ಸರಾಸರಿ 3 ಯಾರ್ಡಿಗೆ ನಿಲ್ಲಿಸಿದ ರಕ್ಷಣೆ 25ನೆಯದರಲ್ಲಿ ಒಂದೇ ಗ್ಯಾಪ್ ತಪ್ಪಿ 60 ಯಾರ್ಡ್ ಬಿಟ್ಟರೆ ಸರಾಸರಿ 5.3ಕ್ಕೆ ಜಿಗಿಯುತ್ತದೆ. ಆದ್ದರಿಂದ ಅನುಭವಿ ಮ್ಯಾನೇಜರ್‌ಗಳು ಸರಾಸರಿಗಿಂತ ಮಧ್ಯಾಂಕವನ್ನು ನಂಬುತ್ತಾರೆ. ಗೆಲುವಿನ ಎಣಿಕೆಗಿಂತ ಅಂಕಗಳ ಅನುಪಾತವನ್ನು ನೋಡುವ ಸೂತ್ರವೂ ಬಳಕೆಯಲ್ಲಿದೆ: ಗಳಿಸಿದ ಮತ್ತು ಕೊಟ್ಟ ಅಂಕಗಳನ್ನು 2.37ರ ಘಾತಕ್ಕೆ ಏರಿಸಿ ಹೋಲಿಸುವುದು. ಅದರಂತೆ 350 ಗಳಿಸಿ 280 ಕೊಟ್ಟ ತಂಡ 17ರಲ್ಲಿ 10.7 ಪಂದ್ಯ ಗೆಲ್ಲಬೇಕು. 13 ಗೆದ್ದಿದ್ದರೆ ಮುಂದಿನ ಸೀಸನ್ನಿನಲ್ಲಿ ಇಳಿಯುವ ಸಾಧ್ಯತೆ ಹೆಚ್ಚು.

ನಾಕೌಟಿನಲ್ಲಿ ಈ ಎಲ್ಲ ಸರಾಸರಿಗಳಿಗೂ ಕೆಲಸ ಮಾಡಲು ಸಮಯವೇ ಇರುವುದಿಲ್ಲ. ಇದರ ಅತ್ಯಂತ ಕಠಿಣ ಉದಾಹರಣೆ ಇಂಗೋಲ್‌ಸ್ಟಾಟ್‌ನದೇ ಕಾಲ್ಚೆಂಡು ತಂಡ, 2004ರಲ್ಲಿ ಎರಡು ಕ್ಲಬ್‌ಗಳು ಕೂಡಿ ಹುಟ್ಟಿದ ಎಫ್‌ಸಿ ಇಂಗೋಲ್‌ಸ್ಟಾಟ್ 04. ಎರಡನೆಯ ಮತ್ತು ಮೂರನೆಯ ದರ್ಜೆಗಳ ನಡುವಿನ ಪ್ಲೇ-ಆಫ್‌ನಲ್ಲಿ ಅದು ಸತತ ಮೂರು ವರ್ಷ ಆಡಿತು. 2019ರಲ್ಲಿ ವೇಹೆನ್ ವೀಸ್‌ಬಾಡೆನ್ ಎದುರು ಎರಡು ಪಂದ್ಯಗಳ ಒಟ್ಟು 4-4. ಒಟ್ಟು ಸಮವಾದರೆ ಹೊರಗೆ, ಅಂದರೆ ಎದುರಾಳಿಯ ಮೈದಾನದಲ್ಲಿ, ಹೆಚ್ಚು ಗೋಲು ಹೊಡೆದ ತಂಡವೇ ಗೆಲ್ಲುವ ನಿಯಮದಿಂದಾಗಿ ಇಂಗೋಲ್‌ಸ್ಟಾಟ್ ಕೆಳಗಿಳಿಯಿತು. 2020ರಲ್ಲಿ ನ್ಯೂರ್ನ್‌ಬರ್ಗ್‌ನಲ್ಲಿ 0-2 ಸೋತು, ಮನೆಯಲ್ಲಿ 3-0 ಮುಂದಿದ್ದಾಗ 96ನೆಯ ನಿಮಿಷದಲ್ಲಿ ಒಂದು ಗೋಲು ಬಿಟ್ಟುಕೊಟ್ಟಿತು. ಒಟ್ಟು 3-3, ಮತ್ತೆ ಹೊರಗಿನ ಗೋಲಿನ ನಿಯಮ, ಮತ್ತೆ ಸೋಲು. 2021ರಲ್ಲಿ ಓಸ್ನಾಬ್ರ್ಯೂಕ್ ಎದುರು 3-0 ಗೆದ್ದು 1-3 ಸೋತು, ಒಟ್ಟು 4-3ರಿಂದ ಮೇಲೇರಿತು. ಅದೇ ವರ್ಷದ ಜೂನ್‌ನಲ್ಲಿ ಯುರೋಪಿನ ಕಾಲ್ಚೆಂಡು ಸಂಸ್ಥೆ ಯುಇಎಫ್‌ಎ ತನ್ನ ಕ್ಲಬ್ ಟೂರ್ನಿಗಳಿಂದ ಹೊರಗಿನ ಗೋಲಿನ ನಿಯಮವನ್ನು ತೆಗೆದುಹಾಕುವುದಾಗಿ ಪ್ರಕಟಿಸಿತು.