ನಮ್ಮ ಮಾತು ಎಷ್ಟು ಮಂದಿ ಕಿವಿ ದಾಟಿ ಬಂತು

ಮನಿಗೆ ಹೊಸಾ ಟಚ್ ಫೋನ್ ಬಂತಂದ್ರ ಡಬ್ಬಿ ಬಿಚ್ಚೋದ್ರಾಗ ಗಂಡಮಕ್ಳು "ಎಷ್ಟು ಜಿಬಿ, ಕ್ಯಾಮೆರಾ ಹೆಂಗೈತಿ" ಅಂತ ಕೇಳ್ತಾರ. ಕೇಳ್ಲಿ. ನಾನು ಬ್ಯಾರೆ ಒಂದು ಕೇಳ್ತೀನಿ. ಈ ಫೋನ್ ಬರೋಕಿಂತ ಮುಂಚೆ ನಮ್ಮ ಕಡಿ ಒಬ್ಬ ಹೆಣ್ಣಮಗಳ ಮಾತು ತವರುಮನಿಗೆ ಮುಟ್ಟಬೇಕಂದ್ರ ಎಷ್ಟು ಮಂದಿ ಕಿವಿ ದಾಟಬೇಕಿತ್ತು? ಆ ಲೆಕ್ಕ ತಿಳದ್ರ, ಹೊಸಾ ಫೋನು, ಅದರ ಜೋಡಿ ಬರೋ ಸಾಮಾನು ಎಲ್ಲಾ ಹೆಂಗ ಇಟ್ಕೋಬೇಕು ಅನ್ನೋದು ತಾನೇ ತಿಳಿತೈತಿ.

ಮುಂಬೈ ಕಡಿಂದ ಬಂದ ರೈಲು ಹಳಿ, ಮದ್ರಾಸ್ ಕಡಿಂದ ಬಂದ ಹಳಿ ಎರಡೂ ಕೂಡಿದ್ದು ನಮ್ಮ ರಾಯಚೂರಾಗ, 1871ರಾಗ. ಹಳಿ ಬಾಜೂಕ ತಂತಿ ಕಂಬ ಬಂದ್ವು. ಆದ್ರ ಬಾಗಲವಾಡದಂಥಾ ಊರಾಗ ಇರೋ ಹೆಣ್ಣಮಕ್ಳಿಗೆ ಆ ತಂತಿ ಭಾಳ ದೂರ. ಅವರಿಗಿದ್ದದ್ದು ಕಾಗದ ಒಂದ. ಓದು-ಬರಹ ಬರ್ತಿದ್ದಿಲ್ಲ. ಸಾಲಿ ಮಾಸ್ತರ ಹತ್ರನೋ, ಓದೋ ಹುಡುಗನ ಹತ್ರನೋ ಕುಂತು ಬರಸಬೇಕು. ಆ ಕಡಿ ಅವ್ವಗೂ ಮತ್ತೊಬ್ರು ಓದಿ ಹೇಳಬೇಕು. ನಡುವ ಇಬ್ರು ಪರರು ಕುಂತಾಗ ಹೊಟ್ಟ್ಯಾಗಿನ ಸಂಕಟ ಬರಸಾಕ ಆಕ್ಕೈತೇನು? "ನಾವೆಲ್ಲಾ ಕ್ಷೇಮ, ನೀವು ಕ್ಷೇಮ ಅಂತ ತಿಳಕೊಂಡೀವಿ" ಅಂತ ಮುಗಸ್ತಿದ್ರು. ತಾರು ಬಂತಂದ್ರಂತೂ ಓದೋಕಿಂತ ಮುಂಚೇನ ಅಳು ಸುರು ಆಗ್ತಿತ್ತು, ಯಾಕಂದ್ರ ಸಾವು-ನೋವು ಬಿಟ್ಟು ಬ್ಯಾರೆದಕ್ಕ ಅಷ್ಟು ರೊಕ್ಕ ಯಾರು ಹಾಕ್ತಿದ್ರು? ಆ ತಾರಿನ ಸೇವೆ ದೇಶದಾಗ 2013ರ ಜುಲೈ 14ರ ತನಕ ಇತ್ತು.

ಆಮ್ಯಾಲ ಟ್ರಂಕ್ ಕಾಲ್ ಬಂತು. ಬೆಂಗಳೂರಿನ ಐಟಿಐ ಕಾರ್ಖಾನೆ 1948ರಾಗ ಸುರು ಆತು, ಅಲ್ಲಿ ಮಾಡಿದ ಕರಿ ಫೋನು ಆಫೀಸು, ಸಾಹುಕಾರ್ರ ಮನಿ ಸೇರಿದ್ವು. ದೂರದೂರಿಗೆ ಮಾತಾಡಬೇಕಂದ್ರ ಹೆಸರು-ನಂಬರ್ ಬರಸಿ, ತಾಸುಗಟ್ಟಲೆ ಕಾಯಬೇಕು. ಅರ್ಜೆಂಟ್ ಅಂದ್ರ ಜಾಸ್ತಿ ರೊಕ್ಕ, ಲೈಟ್ನಿಂಗ್ ಅಂದ್ರ ಇನ್ನೂ ಜಾಸ್ತಿ. ಕಡಿಗೆ ಲೈನ್ ಸಿಕ್ರೂ ಆಪರೇಟರ್ ನಡುವ ಇರ್ತಿದ್ರು.

ಇಲ್ಲೇ ಇಯರ್‌ಫೋನಿನ ಕತಿ ಹೇಳಿಬಿಡ್ತೀನಿ. ಅದರ ವೈರಿನ ತುದಿಗೆ ದುಂಡನ್ನ ಪಿನ್ ಇರ್ತೈತಲ್ಲ, ಅದು ಹುಟ್ಟಿದ್ದು ಹಾಡು ಕೇಳಾಕಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನ್ಯಾಗ ಇವರ ಲೈನಿಗೆ ಅವರ ಲೈನ್ ಕೂಡ್ಸಾಕ ತೂತಿನ್ಯಾಗ ಚುಚ್ಚತಿದ್ದ ದಪ್ಪ ಪಿನ್ನಿನ ಮೊಮ್ಮಗ ಅದು. ಆ ಕೆಲಸಕ್ಕ ಅಮೆರಿಕದಾಗ ಮೊದ್ಲು ಹುಡುಗ್ರನ್ನ ಇಟ್ಟಿದ್ರು. ಅವ್ರು ಗಿರಾಕಿಗಳ ಜೋಡಿ ಒರಟಾಗಿ ಮಾತಾಡ್ತಿದ್ರು. ಅದಕ್ಕ 1878ರ ಸೆಪ್ಟೆಂಬರ್ 1ಕ್ಕ ಬೋಸ್ಟನ್‌ನಾಗ ಎಮ್ಮಾ ನಟ್ ಅನ್ನೋ ಹೆಣ್ಣಮಗಳನ್ನ ತಗೊಂಡ್ರು. ಟೆಲಿಫೋನ್ ಆಪರೇಟರ್ ಆದ ಮೊದಲ ಹೆಣ್ಣು ಅಂತ ಆಕಿ ಹೆಸರು ಹೇಳ್ತಾರ. ಮುಂದ ದೇಶ-ದೇಶದಾಗ ಈ ಕೆಲಸ ಹೆಣ್ಣಮಕ್ಳ ಕೈಗೇ ಬಂತು. ಜಗತ್ತಿನ ಮಾತೆಲ್ಲಾ ಕೂಡ್ಸಿದ್ದು ಹೆಣ್ಣಮಕ್ಳು, ತಮ್ಮ ಮಾತಾಡಾಕ ಮಾತ್ರ ಹೆಣ್ಣಮಕ್ಳಿಗೆ ಫೋನ್ ಇರ್ಲಿಲ್ಲ!

ಹಳ್ಳಿಗೆ ಫೋನ್ ಬರಾಕ ದಾರಿ ಆಗಿದ್ದು ನಮ್ಮ ಕರ್ನಾಟಕದಾಗ. ಪರದೇಶದಿಂದ ತರೋ ಎಕ್ಸ್‌ಚೇಂಜ್ ಮಷೀನಿಗೆ ಎಸಿ ರೂಮ್ ಬೇಕು, ಧೂಳು ಆಗಂಗಿಲ್ಲ. ನಮ್ಮ ರಾಯಚೂರು ಬಿಸಿಲಾಗ, ಕರೆಂಟ್ ಹೋಗೋ ಊರಾಗ ಅದು ನಡೀತೈತೇನು? 1984ರಾಗ ಸಿ-ಡಾಟ್ ಅನ್ನೋ ಸರ್ಕಾರಿ ಸಂಸ್ಥೆ ಹುಟ್ಟಿತು. ಸ್ಯಾಮ್ ಪಿಟ್ರೋಡಾ ಅವ್ರು ಅದರ ಬೆನ್ನಿಗೆ ನಿಂತ್ರು. ಎಸಿ ಇಲ್ಲದ, ಬಿಸಿಲು-ಧೂಳು ತಡಕೊಳ್ಳೋ 128 ಲೈನಿನ ಸಣ್ಣ ಎಕ್ಸ್‌ಚೇಂಜ್ ಮಾಡಿ, ಮೊದಲನೇದನ್ನ 1986ರಾಗ ಕಿತ್ತೂರಿನ್ಯಾಗ ಕುಂಡ್ರಿಸಿದ್ರು. ಹೌದ್ರಿ, ಅದ ಚೆನ್ನಮ್ಮನ ಕಿತ್ತೂರು.

ಆಮ್ಯಾಲ ಬಸ್ ಸ್ಟ್ಯಾಂಡ್ ಹತ್ರ, ಕಿರಾಣಿ ಅಂಗಡಿ ಬಾಜೂಕ ಹಳದಿ ಬೋರ್ಡಿನ ಎಸ್‌ಟಿಡಿ ಬೂತ್ ಬಂದ್ವು. ರಾತ್ರಿ 11ರ ಮ್ಯಾಲ ಕಾಲು ಭಾಗ ದರ. ಆದ್ರ ಮನಿ ಹೆಣ್ಣಮಕ್ಳು ಆ ಹೊತ್ತಿಗೆ ಬೂತಿಗೆ ಹೋಗೋದುಂಟೇನು? ಹಗಲಿ ಹೋದ್ರ ತಲಿ ಮ್ಯಾಲೆ ಕೆಂಪು ಅಂಕಿ ಓಡ್ತಿತ್ತು, ಹಿಂದ ನಾಕು ಮಂದಿ ಪಾಳಿ ಹಚ್ಚಿ ನಿಂತಿರ್ತಿದ್ರು. ಇನ್ನ ಪಿಪಿ ನಂಬರ್ ನೆನಪೈತಿಲ್ರಿ? ಬಾಜೂ ಮನಿ ಫೋನಿನ ನಂಬರನ್ನ ನಮ್ಮದ ಅಂತ ಕೊಡೋದು. ಪುಣೆಗೋ ಬೆಂಗಳೂರಿಗೋ ದುಡಿಯಾಕ ಗುಳೆ ಹೋದ ಗಂಡ ಫೋನ್ ಮಾಡಿದ್ರ, ಅವ್ರ ಹುಡುಗ ಓಡಿಬಂದು ಕರೀತಿದ್ದ. ಹಿಟ್ಟಿನ ಕೈಲೇ ಓಡಿಹೋಗಿ, ಪರರ ಪಡಸಾಲ್ಯಾಗ ಸೆರಗು ಹೊತ್ಕೊಂಡು ನಿಂತು, "ಹೂಂ… ಹೂಂ… ಆರಾಮದೀವಿ" ಅನ್ನೋದು. ಕಾಗದಕ್ಕೂ ಇದಕ್ಕೂ ಏನು ಫರಕು? ಹೇಳಬೇಕಾದ ಮಾತು ಹೊಟ್ಟ್ಯಾಗ ಉಳೀತಿತ್ತು.

ದೇಶದ ಮೊದಲ ಮೊಬೈಲ್ ಮಾತು ನಡೆದದ್ದು 1995ರ ಜುಲೈ 31ಕ್ಕ, ಕೋಲ್ಕತ್ತಾದಿಂದ ಜ್ಯೋತಿ ಬಸು, ದೆಹಲಿಯಿಂದ ಸುಖರಾಮ್. ಸುರುವಿನ್ಯಾಗ ಬಂದ ಕಾಲಿಗೂ ರೊಕ್ಕ ಕೊಡಬೇಕಿತ್ತು. 2003ರಾಗ ಅದು ತಪ್ಪಿದ ಮ್ಯಾಲೆ ಬಡವರ ಕೈಗೂ ಫೋನ್ ಬಂತು. ಅದ ವರ್ಷ ನೋಕಿಯಾ 1100 ಬಂತು, ಜಗತ್ತಿನ್ಯಾಗ 25 ಕೋಟಿಗಿಂತ ಜಾಸ್ತಿ ಮಾರಿದ ಫೋನು. ಧೂಳಿಗೆ ಕೆಡ್ತಿದ್ದಿಲ್ಲ, ತಲಿ ಮ್ಯಾಲೆ ಟಾರ್ಚ್ ಇತ್ತು. ಗಂಡಸರಿಗೆ ಆ ಟಾರ್ಚ್ ಹೊಲಕ್ಕ ನೀರು ಕಟ್ಟಾಕ. ನಮಗ? ಮನ್ಯಾಗ ಸಂಡಾಸ ಇಲ್ಲದ ಹೆಣ್ಣಮಕ್ಳು ನಸುಕಿನ್ಯಾಗ ಬಯಲಿಗೆ ಹೋಗಬೇಕಾದ್ರ ಅದ ಬೆಳಕು. ಆದ್ರ ಫೋನ್ ಮಾತ್ರ ಮನಿ ಯಜಮಾನಂದು. ಹೆಣ್ಣಮಕ್ಳ ಪಾಲಿಗೆ ಮಿಸ್ ಕಾಲು: ಒಂದ್ ರಿಂಗಾದ್ರ ಊರು ಮುಟ್ಟೀನಿ, ಎರಡಾದ್ರ ಫೋನ್ ಮಾಡು.

2016ರ ಸೆಪ್ಟೆಂಬರ್ 5ಕ್ಕ ಜಿಯೋ ಬಂತು, ನೆಟ್ ಸೋವಿ ಆತು. ಅದರಕಿಂತ ದೊಡ್ಡ ಬದಲಾವಣೆ ನನ್ನ ಲೆಕ್ಕದಾಗ ಎರಡು. 2013ರಾಗ ವಾಟ್ಸಾಪ್‌ನಾಗ ವಾಯ್ಸ್ ಕಳಸೋದು ಬಂತು. 2017ರ ಆಗಸ್ಟ್‌ನಾಗ ಗೂಗಲ್ ಕನ್ನಡದಾಗ ಮಾತಾಡಿದ್ರ ಬರಕೊಳ್ಳೋದು ಕಲೀತು. ಅಕ್ಷರ ಬಾರದ ಅವ್ವ ಈಗ ಮೈಕಿನ ಗುರುತು ಒತ್ತಿ ಹಿಡಿದು, ತನ್ನ ದನಿಯಿಂದ ತಾನ ಮಗಳಿಗೆ ಮಾತಾಡ್ತಾಳ. ಮಾಸ್ತರ ಬ್ಯಾಡ, ಪಡಸಾಲಿ ಬ್ಯಾಡ. ಇಷ್ಟು ವರ್ಷಕ್ಕ ನಡುವ ಯಾರೂ ಇಲ್ಲ.

ಖರೇನ ಯಾರೂ ಇಲ್ಲೇನು? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ತಾವ ಬಳಸೋ ಫೋನ್ ಇರೋ ಹೆಣ್ಣಮಕ್ಳು ದೇಶದಾಗ ನೂರಕ್ಕ 54 ಮಂದಿ. ಬಾಕಿಯವರದು ಇನ್ನೂ ಪಿಪಿ ನಂಬರ್ ಕಾಲ. ಫೋನ್ ಇದ್ದವರದೂ ಒಂದೊಂದ್ಸಲ ಹಂಗ ಐತಿ. ಗೃಹಲಕ್ಷ್ಮಿ 2023ರ ಆಗಸ್ಟ್ 30ಕ್ಕ ಸುರು ಆತು, ಯಜಮಾನಿ ಖಾತೆಗೆ ತಿಂಗಳಿಗೆ 2000 ರೂಪಾಯಿ. ಆದ್ರ ಬ್ಯಾಂಕಿಗೆ ಕೊಟ್ಟ ನಂಬರ್ ಮಗಂದೋ, ಮೈದುನಂದೋ ಇದ್ರ, ರೊಕ್ಕ ಬಂದ ಮೆಸೇಜ್, ಓಟಿಪಿ ಎರಡೂ ಅವನ ಹತ್ರ. ಖಾತೆ ನಮ್ಮದು, ಕೀಲಿ ಮತ್ತೊಬ್ರದು.

ಅದಕ್ಕ ಹೊಸಾ ಫೋನಿನ ಜೋಡಿ ಬರೋ ಸಾಮಾನೂ ತಿಳಕೊಂಡಿರ್ರಿ, ಸಣ್ಣ ಕೆಲಸಕ್ಕೂ ಇನ್ನೊಬ್ರ ಕೈಗೆ ಕೊಡೋದು ತಪ್ಪತೈತಿ. ಮೊದಲ ನೋಕಿಯಾಕ್ಕ ದಪ್ಪ ಪಿನ್ನು, ಆಮ್ಯಾಲ ಸಣ್ಣ ಪಿನ್ನು, ಒಂದೊಂದು ಕಂಪನಿಗೆ ಒಂದೊಂದು ಚಾರ್ಜರ್ ಇತ್ತು. ಈಗ ಹೆಚ್ಚಾಗಿ ಟೈಪ್-ಸಿ, 2014ರಾಗ ಬಂದದ್ದು, ಹೆಂಗ ತಿರುವಿ ಚುಚ್ಚಿದ್ರೂ ಹೊಕ್ಕೈತಿ. ಯುರೋಪಿನ್ಯಾಗ 2024ರ ಡಿಸೆಂಬರ್ 28ರಿಂದ ಹೊಸಾ ಫೋನಿಗೆಲ್ಲಾ ಇದ ಇರಬೇಕು ಅಂತ ಕಾಯ್ದೆ ಆಗೈತಿ. ಕೆಲವು ಫೋನಿನ ಡಬ್ಬ್ಯಾಗ ಈಗ ಚಾರ್ಜರ್ ಇರಂಗಿಲ್ಲ, ಬರೇ ವೈರ್. ತಗೊಳ್ಳೋ ಮುಂಚೆ ಕೇಳ್ರಿ. ಚಾರ್ಜಿಗೆ ಹಚ್ಚಿದ ಫೋನನ್ನ ದಿಂಬಿನ ಕೆಳಗ ಇಡಬ್ಯಾಡ್ರಿ, ಒಲಿ ಹತ್ರ ಇಡಬ್ಯಾಡ್ರಿ. ಬ್ಯಾಟರಿಗೆ ಕಾವು ಆಗಂಗಿಲ್ಲ. ಅದು ಉಬ್ಬಿದ್ರ ಬದಲಿ ಮಾಡ್ಸಬೇಕು. ಇಯರ್‌ಫೋನಿನ ದುಂಡ ಪಿನ್ನಿಗೆ ಎಷ್ಟೋ ಹೊಸಾ ಫೋನಿನ್ಯಾಗ ತೂತ ಇರಂಗಿಲ್ಲ, ಅದನ್ನೂ ನೋಡ್ಕೊಳ್ರಿ. ಟೆಂಪರ್ ಗ್ಲಾಸು, ಹಿಂದಿನ ಕವರು ಎರಡೂ ಹಾಕಸ್ರಿ. ಕೈಜಾರಿ ಬಿದ್ರ ಮ್ಯಾಲಿನ ಗ್ಲಾಸು ಪೆಟ್ಟು ತಿಂತೈತಿ, ಒಳಗಿನ ಸ್ಕ್ರೀನ್ ಉಳಿಯೋ ಸಾಧ್ಯತಿ ಜಾಸ್ತಿ.

ಮುಖ್ಯವಾದ ಸಾಮಾನು ಡಬ್ಬ್ಯಾಗ ಬರಂಗಿಲ್ಲ, ನಾವ ಮಾಡ್ಕೋಬೇಕು. ಲಾಕಿನ ನಂಬರ್ ನಿಮಗ ನೆನಪಿರೋದು ಇಡ್ರಿ, ಹುಟ್ಟಿದ ವರ್ಷ ಬ್ಯಾಡ. ಬ್ಯಾಂಕಿಗೆ, ಆಧಾರಿಗೆ ನಿಮ್ಮದ ನಂಬರ್ ಕೊಟ್ಟೀರೇನು ನೋಡ್ರಿ. ಸ್ಟಾರ್, ಹ್ಯಾಶ್, ಸೊನ್ನೆ, ಆರು, ಹ್ಯಾಶ್ ಒತ್ತಿದ್ರ 15 ಅಂಕಿಯ ಐಎಂಇಐ ನಂಬರ್ ಬರ್ತೈತಿ, ಅದನ್ನ ಗೋಡಿ ಕ್ಯಾಲೆಂಡರ್ ಮ್ಯಾಲೆ ಬರದಿಡ್ರಿ. ಫೋನ್ ಕಳದ್ರ ಬಂದ್ ಮಾಡ್ಸಾಕ ಅದ ಬೇಕು. ಓಟಿಪಿ ಕೇಳಿದವ ಎಷ್ಟು ನಯವಾಗಿ "ಅಮ್ಮಾರ" ಅಂದ್ರೂ ಹೇಳಬ್ಯಾಡ್ರಿ. ರೊಕ್ಕ ಹೋತಂದ್ರ ತಡಾ ಮಾಡದ 1930ಕ್ಕ ಫೋನ್ ಹಚ್ಚರಿ.

ನಮ್ಮ ಅಮ್ಮಗಳು ಪರರ ಪಡಸಾಲ್ಯಾಗ ನಿಂತು ನುಂಗಿದ ಮಾತು ತಿರುಗಿ ಬರಂಗಿಲ್ಲ. ನಮ್ಮ ಮಾತು, ನಮ್ಮ ರೊಕ್ಕ ನಮ್ಮ ಕೈಯಾಗ ಇರಬೇಕಂದ್ರ ಈ ಫೋನ್ ನಾವ ಕಲೀಬೇಕು, ಒಬ್ಬರಿಗೊಬ್ರು ಕಲಸಬೇಕು. ಇದನ್ನ ಓದಾಕ ಬಾರದವ್ರು ನಿಮ್ಮ ಓಣ್ಯಾಗ ಇದ್ರ, ಓದಿ ವಾಯ್ಸ್ ಮಾಡಿ ಕಳಸ್ರಿ.