ಪಿಗ್ಮಿ

ಸಂಜೆ ಏಳಾಗುತ್ತಿದ್ದಂತೆ ನಮ್ಮೂರ ಬಸ್‌ ಸ್ಟ್ಯಾಂಡಿನ ಎದುರು, ಹೂವಿನ ಬುಟ್ಟಿಗಳ ಸಾಲಿನಲ್ಲಿ, ದಿನವೂ ಒಂದೇ ಮಾತು ಕೇಳುತ್ತದೆ. "ಅಕ್ಕಾ, ಪಿಗ್ಮಿ."

"ಮಳೆ ಹೊಡೀತಲ್ಲಣ್ಣ, ಇವತ್ತು ಮೂವತ್ತೇ ಬರ್ಕೋ."

"ಆಯ್ತು ಬಿಡಿ, ನಿನ್ನೆ ನೂರು ಕಟ್ಟಿದೀರಲ್ಲ."

ಹಣ ಒಯ್ಯಲು ಬಂದವರ ಕೈಯಲ್ಲಿನ ಪುಟ್ಟ ಮಷೀನಿನಿಂದ ಚೀಟಿ ಬರುತ್ತದೆ. ಹೂವಿನ ಅಕ್ಕ ಅದನ್ನು ನಾಲ್ಕು ಮಡಿಕೆ ಮಾಡಿ, ಗೋಣಿಯ ಕೆಳಗಿನ ತಗಡಿನ ಡಬ್ಬಿಗೆ ಹಾಕುತ್ತಾರೆ. ಡಬ್ಬಿಯಲ್ಲಿ ದುಡ್ಡು ಎರಡು ಪಾಲಾಗಿ ಕೂತಿರುತ್ತದೆ: ನಾಳೆ ಬೆಳಗಿನ ಹೂವಿನದು ಒಂದು, ಮನೆಗೆ ಒಯ್ಯುವುದು ಇನ್ನೊಂದು. ಮೂರನೆಯ ಪಾಲು ಈಗಷ್ಟೇ ಹೊರಟುಹೋಯಿತು.

ಇಂಗ್ಲಿಷಿನಲ್ಲಿ ಪಿಗ್ಮಿ ಎಂದರೆ ಕುಳ್ಳ. ಆಫ್ರಿಕಾದ ಕಾಡುಗಳ ಜನರಿಗೆ ಹೊರಗಿನವರು ಅಂಟಿಸಿದ ಆ ಹೆಸರಿನಲ್ಲಿ ಅವಹೇಳನವೂ ಇದೆ. ಕನ್ನಡದಲ್ಲಿ ಅದು ಬೇರೆಯದೇ ಬಾಳು ಬಾಳಿತು. 1925ರಲ್ಲಿ ಉಡುಪಿಯಲ್ಲಿ, ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಹುಟ್ಟಿದ ಸಂಸ್ಥೆಯೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅದು 1928ರಲ್ಲಿ ಮನೆಬಾಗಿಲಿಗೆ, ಅಂಗಡಿ ಬಾಗಿಲಿಗೆ ಆಳು ಕಳಿಸಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಕೂಡಿಸತೊಡಗಿತು. ಆ ಠೇವಣಿಗೆ ಇಟ್ಟ ಹೆಸರು ಪಿಗ್ಮಿ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರ ಬಳಿಗೆ ಬ್ಯಾಂಕೇ ನಡೆದು ಬಂತು.

ಆಮೇಲೆ ಹೆಸರು ಒಂದೇ ಬ್ಯಾಂಕಿನ ಸ್ವತ್ತಾಗಿ ಉಳಿಯಲಿಲ್ಲ. ನಮ್ಮ ಕಡೆ ಪಿಗ್ಮಿ ಕಟ್ಟುತ್ತಾರೆ, ಹುಬ್ಬಳ್ಳಿ ಕಡೆ ತುಂಬುತ್ತಾರೆ. ಮಗಳ ಫೀಸಿಗೆ ತೆಗೆಯುತ್ತಾರೆ. ಹಣ ಒಯ್ಯಲು ಬರುವವರಿಗೂ ಅದೇ ಹೆಸರು: "ಪಿಗ್ಮಿಯವರು ಬಂದ್ರಾ?" 2020ರ ಏಪ್ರಿಲ್‌ನಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ ಸೇರಿಹೋಯಿತು. ಪದ ಮಾತ್ರ ಸಂತೆಯಲ್ಲಿ ಗಟ್ಟಿಯಾಗಿ ನಿಂತಿದೆ.

ಬಡ್ಡಿ ಕಡಿಮೆ, ನಡುವೆ ತೆಗೆದರೆ ಇನ್ನೂ ಕಡಿಮೆ ಎನ್ನುವವರಿದ್ದಾರೆ. ನಿಜವೇ. ಆದರೆ ಅದೇ ಸಾಲಿನಲ್ಲಿ ಬೆಳಗ್ಗೆ 900 ಕೊಟ್ಟು ಸಂಜೆ 1,000 ಕೇಳುವ ಮೀಟರ್ ಬಡ್ಡಿಯವರೂ ಓಡಾಡುತ್ತಾರೆ. ಕೂಡಿಟ್ಟ ನಾಲ್ಕು ಸಾವಿರ ಇದ್ದರೆ ಅವರ ಮುಂದೆ ಕೈಚಾಚಬೇಕಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ತಿಂಗಳ ಸಂಬಳದವರಿಗೆ ಸಲೀಸು, ಅವರ ಹಾಸಿಗೆಯ ಉದ್ದ ಒಂದನೇ ತಾರೀಖೇ ಗೊತ್ತಾಗುತ್ತದೆ. ಹೂವಿನವರ ಹಾಸಿಗೆ ಶ್ರಾವಣದ ಶುಕ್ರವಾರ ಒಂದಳತೆ, ಆಷಾಢದ ಮಳೆಯಲ್ಲಿ ಇನ್ನೊಂದಳತೆ. ಅದನ್ನು ದಿನದಿನವೂ ಅಳೆಯಬೇಕು. ನನ್ನ ಸಂಬಳದಿಂದ ತಿಂಗಳ ಕೊನೆಗೆ ಉಳಿದದ್ದನ್ನು ಉಳಿತಾಯ ಎನ್ನುತ್ತಿದ್ದವನು ನಾನು. ಮೊದಲು ಎತ್ತಿಟ್ಟು ಆಮೇಲೆ ಖರ್ಚಿಗೆ ಕೈಹಾಕುವುದನ್ನು ಈ ಡಬ್ಬಿ ನೋಡಿ ಕಲಿತೆ.

ಒಂದು ಸಂಕಟವನ್ನೂ ಹೇಳಬೇಕು. ನಮ್ಮೂರಿನ ಸೊಸೈಟಿಯೊಂದು ಬಾಗಿಲು ಹಾಕಿದಾಗ ಹಲವರ ಪಿಗ್ಮಿ ಅದರೊಳಗೆ ಸಿಕ್ಕಿಕೊಂಡಿತು. ಸಹಕಾರಿ ಬ್ಯಾಂಕೂ ಸೇರಿ ಬ್ಯಾಂಕಿನ ಠೇವಣಿಗೆ ಐದು ಲಕ್ಷದವರೆಗೆ ವಿಮೆಯಿದೆ. ಪತ್ತಿನ ಸಹಕಾರ ಸಂಘಗಳಿಗೆ ಆ ರಕ್ಷಣೆ ಇಲ್ಲ. ಪದ ಎರಡೂ ಕಡೆ ಒಂದೇ ಆದ್ದರಿಂದ ಜನ ಭೇದ ಕೇಳುವುದಿಲ್ಲ. ಪುಸ್ತಕ ಮಾಡಿಸುವ ದಿನವೇ ಕೇಳಬೇಕು.

ಪದದ ಬೇರು ಹುಡುಕಿದಾಗ ಗ್ರೀಕಿನ ಪಿಗ್ಮೆ ಸಿಕ್ಕಿತು. ಅದರ ಅರ್ಥ ಮುಷ್ಟಿ, ಮೊಣಕೈಯಿಂದ ಮುಷ್ಟಿಯ ಗೆಣ್ಣಿನವರೆಗಿನ ಅಳತೆಯೂ ಹೌದು. ಹೆಚ್ಚುಕಡಿಮೆ ನಮ್ಮ ಮೊಳ. ಹೂವಿನ ಅಕ್ಕನಿಗೆ ಇದನ್ನು ಹೇಳಿದೆ. ಅವರು ಮಲ್ಲಿಗೆ ದಂಡೆಯನ್ನು ಮೊಣಕೈಗೆ ಹಚ್ಚಿ ಅಳೆಯುತ್ತಲೇ ಕೇಳಿಸಿಕೊಂಡು, "ಹೌದಾ? ನಿಮಗೆ ಎಷ್ಟು ಮೊಳ ಕೊಡ್ಲಿ?" ಅಂದರು.