ಕಿರು ರೇಡಾನ್ ಮಾಪಕಗಳು

ಮನೆ, ಗಣಿ, ನೆಲಮಾಳಿಗೆಗಳ ಗಾಳಿಯಲ್ಲಿ ಅಥವಾ ಮಣ್ಣಿನ ಸಂದುಗಳಲ್ಲಿ ಸೇರಿಕೊಂಡ ರೇಡಾನ್ ಎಷ್ಟಿದೆ ಎಂಬುದನ್ನು ಆಲ್ಫಾ ಕಣಗಳ ಎಣಿಕೆಯಿಂದ ತಿಳಿಸುವ, ಅಂಗೈಯಲ್ಲಿ ಹಿಡಿಯಬಹುದಾದ ವಿದ್ಯುನ್ಮಾನ ಉಪಕರಣಗಳು. ಶಿಲೆ ಮತ್ತು ಮಣ್ಣಿನಲ್ಲಿರುವ ಯುರೇನಿಯಂ ಹಂತಹಂತವಾಗಿ ಕ್ಷಯಿಸಿ ರೇಡಿಯಂ ಆಗುತ್ತದೆ. ರೇಡಿಯಂನಿಂದ ರೇಡಾನ್-222 ಹುಟ್ಟುತ್ತದೆ. ಬಣ್ಣ, ವಾಸನೆ, ರುಚಿ ಯಾವುದೂ ಇಲ್ಲದ ಈ ಅನಿಲದ ಅರ್ಧಾಯು 3.8 ದಿನ. ನೆಲದ ಬಿರುಕುಗಳಿಂದ ಮನೆಯೊಳಗೆ ನುಸುಳಲು ಅಷ್ಟು ಸಮಯ ಧಾರಾಳ ಸಾಕು. ಶ್ವಾಸಕೋಶಕ್ಕೆ ಹಾನಿಯಾಗುವುದು ಅನಿಲದಿಂದ ಎನ್ನುವುದಕ್ಕಿಂತ ಅದರಿಂದ ಹುಟ್ಟುವ ಪೊಲೋನಿಯಂ-218 ಮತ್ತು ಪೊಲೋನಿಯಂ-214ರಿಂದ ಎನ್ನುವುದು ಹೆಚ್ಚು ಸರಿ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1988ರಲ್ಲಿ ರೇಡಾನನ್ನು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿತು. ಮನೆಯ ಗಾಳಿಯಲ್ಲಿ ಘನಮೀಟರಿಗೆ 100 ಬೆಕೆರೆಲ್ (ಸೆಕೆಂಡಿಗೆ 100 ಪರಮಾಣು ಒಡೆಯುವಷ್ಟು) ದಾಟಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಅಮೆರಿಕದಲ್ಲಿ 148 ದಾಟಿದರೆ ಮನೆ ದುರಸ್ತಿ ಮಾಡಿಸಿ ಎನ್ನುತ್ತಾರೆ.

ಮನೆಯೊಳಗಿನ ರೇಡಾನ್ ಸಾರ್ವಜನಿಕರ ಗಮನಕ್ಕೆ ಬಂದದ್ದು 1984ರಲ್ಲಿ. ಪೆನ್ಸಿಲ್ವೇನಿಯಾದ ಲಿಮೆರಿಕ್ ಪರಮಾಣು ಸ್ಥಾವರದ ಎಂಜಿನಿಯರ್ ಒಬ್ಬರು ಬಾಗಿಲು ದಾಟಿದಾಗ ವಿಕಿರಣದ ಎಚ್ಚರಿಕೆ ಗಂಟೆ ಬಾರಿಸಿತು. ತನಿಖೆ ಮಾಡಿದರೆ ಮೂಲ ಸ್ಥಾವರವಲ್ಲ, ಅವರ ಮನೆ! ಅಲ್ಲಿನ ಗಾಳಿಯಲ್ಲಿ ಘನಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್ ಇತ್ತು. ಮುಂದೆ ಮನೆಮನೆ ಅಳತೆ ಶುರುವಾದಾಗ ಬಳಕೆಗೆ ಬಂದವು ಇದ್ದಿಲಿನ ಡಬ್ಬಿಗಳು ಮತ್ತು ಆಲ್ಫಾ ಕಣದ ಗೀರು ಉಳಿಸಿಕೊಳ್ಳುವ ಪ್ಲಾಸ್ಟಿಕ್ ಬಿಲ್ಲೆಗಳು. ಅಗ್ಗ, ನಂಬಿಗಸ್ತ. ಆದರೆ ಬಿಲ್ಲೆಯನ್ನು ತಿಂಗಳುಗಟ್ಟಲೆ ಇಟ್ಟು, ಪ್ರಯೋಗಾಲಯದಲ್ಲಿ ಕ್ಷಾರದ ದ್ರಾವಣದಲ್ಲಿ ಕೆತ್ತಿ, ಸೂಕ್ಷ್ಮದರ್ಶಕದಲ್ಲಿ ಗೀರು ಎಣಿಸಬೇಕು. ಇಂದು ರಾತ್ರಿ ಕಿಟಕಿ ಮುಚ್ಚಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

ಉಪಕರಣ ಚಿಕ್ಕದಾಗಿಸುವುದರ ನಿಜವಾದ ತೊಡಕು ವಿದ್ಯುನ್ಮಾನದ್ದಲ್ಲ, ಗಾಳಿಯದು. ಘನಮೀಟರಿಗೆ 100 ಬೆಕೆರೆಲ್ ಎಂದರೆ ಒಂದು ಲೀಟರ್ ಗಾಳಿಯಲ್ಲಿ ಹತ್ತು ಸೆಕೆಂಡಿಗೆ ಒಂದು ರೇಡಾನ್ ಪರಮಾಣು ಒಡೆಯುತ್ತದೆ. 200 ಮಿಲಿಲೀಟರ್ ಕೋಣೆಯಲ್ಲಿ ಗಂಟೆಗೆ 72. ಅಷ್ಟನ್ನೂ ಬಿಡದೆ ಎಣಿಸಿದರೂ ಅಂಕಿಅಂಶದ ಅನಿಶ್ಚಿತತೆ ಶೇಕಡ 12ರಷ್ಟು ಉಳಿದೇ ಉಳಿಯುತ್ತದೆ. ಕೋಣೆಯನ್ನು ಇನ್ನೂ ಕುಗ್ಗಿಸಿದರೆ ಅದು ಹಿಗ್ಗುತ್ತದೆ. ಚಿಪ್ ಎಷ್ಟೇ ಜಾಣವಾಗಿರಲಿ, ಒಡೆಯದ ಪರಮಾಣುವನ್ನು ಎಣಿಸಲಾರದು. ಅಗ್ಗದ ಉಪಕರಣಗಳ ಪರದೆಯ ಮೇಲೆ ಕಾಣುವ ಅಂಕಿ ಹಲವು ಗಂಟೆಗಳ, ಕೆಲವೊಮ್ಮೆ ಇಡೀ ದಿನದ ಸರಾಸರಿಯಾಗಿರುವುದು ಇದರಿಂದಲೇ. ಮಣ್ಣಿನೊಳಗಿನ ಗಾಳಿಯಲ್ಲಿ ರೇಡಾನ್ ಸಾವಿರಾರು ಬೆಕೆರೆಲ್ ಇರುವುದರಿಂದ ಅಲ್ಲಿ ಈ ಕಷ್ಟವಿಲ್ಲ.

ಇಂದಿನ ಕಿರು ಮಾಪಕಗಳಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಅಯಾನು ಕೋಣೆ. ರೇಡಾನಿನ 5.49 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಆಲ್ಫಾ ಕಣ ಗಾಳಿಯಲ್ಲಿ ಸುಮಾರು ನಾಲ್ಕು ಸೆಂಟಿಮೀಟರ್ ಸಾಗಿ, ಒಂದೂವರೆ ಲಕ್ಷಕ್ಕೂ ಹೆಚ್ಚು ಅಯಾನು ಜೋಡಿಗಳನ್ನು ಬಿಟ್ಟುಹೋಗುತ್ತದೆ. ಅದರಿಂದ ಏಳುವ ಸಣ್ಣ ವಿದ್ಯುತ್ ಮಿಡಿತವನ್ನು ಹಿಡಿದು ವರ್ಧಿಸಬೇಕು. ಇಡೀ ಕೋಣೆಯೇ ಸಂವೇದಕವಾದ್ದರಿಂದ ಎಣಿಕೆ ಚೆನ್ನಾಗಿ ಸಿಗುತ್ತದೆ, ಆದರೆ ಪಕ್ಕದಲ್ಲಿ ಬಾಗಿಲು ಬಡಿದರೂ ಆ ಅಲುಗಾಟ ಸುಳ್ಳು ಮಿಡಿತವಾಗಬಹುದು. ಇನ್ನೊಂದು, ಸಿಲಿಕಾನ್ ಫೋಟೋಡಯೋಡ್. ಬೆಳಕು ತೂರದ ಪುಟ್ಟ ಡಬ್ಬಿಯೊಳಕ್ಕೆ ಗಾಳಿ ತಾನಾಗಿ ಹರಡಿಕೊಂಡು ಬರುತ್ತದೆ. ಡಯೋಡಿಗೆ ತಗಲಿದ ಆಲ್ಫಾ ಕಣ ಲೆಕ್ಕಕ್ಕೆ ಸೇರುತ್ತದೆ. ಸರ್ನ್‌ನಲ್ಲಿ ದುಡಿದಿದ್ದ ವಿಜ್ಞಾನಿಗಳು 2008ರಲ್ಲಿ ನಾರ್ವೆಯಲ್ಲಿ ಕಟ್ಟಿದ, ಇಂದು ಏರ್‌ಥಿಂಗ್ಸ್ ಎಂದು ಹೆಸರಾದ ಸಂಸ್ಥೆಯ ಬ್ಯಾಟರಿ ಮಾಪಕಗಳು ಈ ಬಗೆಯವು. ಡಯೋಡ್ ಪ್ರತಿ ಕಣದ ಶಕ್ತಿಯನ್ನೂ ತಿಳಿಸುತ್ತದೆ. ಅದರ ಮೇಲ್ಮೈ ಮಾತ್ರ ಸಾಮಾನ್ಯವಾಗಿ ಒಂದೆರಡು ಚದರ ಸೆಂಟಿಮೀಟರ್ ದಾಟುವುದಿಲ್ಲ.

ಈ ಕೊರತೆಯನ್ನು ತುಂಬಿಕೊಳ್ಳುವ ಉಪಾಯ ಸೊಗಸಾಗಿದೆ. ರೇಡಾನ್ ಒಡೆದು ಹುಟ್ಟುವ ಪೊಲೋನಿಯಂ-218ರಲ್ಲಿ ಬಹುಪಾಲು ಧನವಿದ್ಯುದಂಶ ಹೊತ್ತಿರುತ್ತದೆ. ಕೋಣೆಯ ಗೋಡೆಗೆ ಹೆಚ್ಚಿನ ವೋಲ್ಟೇಜ್ ಕೊಟ್ಟರೆ ಆ ಪರಮಾಣುಗಳು ಡಯೋಡಿನ ಮೇಲೆ ಬಂದು ಕೂರುತ್ತವೆ. ಗಾಳಿಯ ತೇವ ಈ ವಿದ್ಯುದಂಶವನ್ನು ಕಸಿದುಕೊಳ್ಳುವುದರಿಂದ ತೇವ ಹೀರುವ ಪುಡಿಯೋ ಲೆಕ್ಕದ ತಿದ್ದುಪಡಿಯೋ ಬೇಕಾಗುತ್ತದೆ. ಮಳೆಗಾಲದ ಕರಾವಳಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಪೊಲೋನಿಯಂ-218ರ ಅರ್ಧಾಯು ಮೂರು ನಿಮಿಷ, ಹಾಗಾಗಿ ಅದೊಂದನ್ನೇ ಎಣಿಸಿದರೆ ಬದಲಾವಣೆ ಕಾಲು ಗಂಟೆಯಲ್ಲಿ ಗೊತ್ತಾಗುತ್ತದೆ. ಪೊಲೋನಿಯಂ-214ನ್ನು ಕಾದರೆ ನಡುವಿನ ಸೀಸ ಮತ್ತು ಬಿಸ್ಮತ್‌ನಿಂದಾಗಿ ಸಮತೋಲ ಬರಲು ಮೂರು ಗಂಟೆ ಹಿಡಿಯುತ್ತದೆ. ಸರಣಿಯ ಮುಂದಿನ ಸೀಸ-210ರ ಅರ್ಧಾಯು 22 ವರ್ಷ. ಡಯೋಡಿನ ಮೇಲೆ ಅಂಟಿಕೊಂಡ ಅದು ಪೊಲೋನಿಯಂ-210 ಆಗಿ ಹೊಸ ಆಲ್ಫಾ ಕಣಗಳನ್ನು ಹೊಮ್ಮಿಸುತ್ತಲೇ ಇರುತ್ತದೆ. ಶಕ್ತಿ ನೋಡಿ ಬೇರ್ಪಡಿಸದಿದ್ದರೆ ಹಳೆಯ ಉಪಕರಣ ಇಲ್ಲದ ರೇಡಾನನ್ನೂ ತೋರಿಸೀತು.

ಥೋರಾನ್ ಮತ್ತೊಂದು ಗೊಂದಲ. ಥೋರಿಯಂ ಸರಣಿಯ ಈ ರೇಡಾನ್-220 ಹೆಚ್ಚಿನ ಕಡೆ ಗೌಣವಾದರೂ, ಮೋನಜೈಟ್ ಮರಳಿರುವ ಕೇರಳದ ಚವರ, ನಮ್ಮ ಉಳ್ಳಾಲದಂಥ ಕಡಲತೀರಗಳಲ್ಲಿ ಹಾಗೆ ತಳ್ಳಿಹಾಕುವಂತಿಲ್ಲ. ಅದರ ಅರ್ಧಾಯು 56 ಸೆಕೆಂಡಿಗಿಂತ ಕಡಿಮೆ. ಒಳದಾರಿಯನ್ನು ಕಿರಿದು ಮಾಡಿದರೆ ಒಳಗೆ ತಲುಪುವಷ್ಟರಲ್ಲಿ ಬಹುತೇಕ ಕ್ಷಯಿಸಿರುತ್ತದೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ರೂಪಿಸಿದ ಸೂಜಿರಂಧ್ರದ ಮಾಪಕ ಇದೇ ತತ್ವದ್ದು: ಒಂದರ ಹಿಂದೊಂದು ಎರಡು ಕೋಣೆ, ನಡುವೆ ಸಣ್ಣ ರಂಧ್ರಗಳು, ಎರಡರಲ್ಲೂ ಫಿಲ್ಮು. ಮೊದಲ ಕೋಣೆಯಲ್ಲಿ ಎರಡೂ ಅನಿಲ ಗೀರು ಬಿಡುತ್ತವೆ, ಎರಡನೆಯದರಲ್ಲಿ ಹೆಚ್ಚುಕಡಿಮೆ ರೇಡಾನ್ ಮಾತ್ರ. ಬ್ಯಾಟರಿಯೂ ಬೇಡ.

ಯಾವ ಮಾಪಕವಾದರೂ ಗೊತ್ತಿರುವ ಪ್ರಮಾಣದ ರೇಡಾನ್ ತುಂಬಿದ ಕೋಣೆಯಲ್ಲಿಟ್ಟು ತಾಳೆ ನೋಡದೆ ಅದರ ಅಂಕಿಗೆ ಬೆಲೆಯಿಲ್ಲ. ಕರ್ನಾಟಕದಲ್ಲಿ ಮಂಗಳೂರು ವಿಶ್ವವಿದ್ಯಾನಿಲಯದ ಪರಿಸರ ವಿಕಿರಣಶೀಲತೆಯ ಉನ್ನತ ಸಂಶೋಧನಾ ಕೇಂದ್ರದಲ್ಲಿ ಇಂಥ ಸೌಲಭ್ಯವಿದೆ. ಪರೀಕ್ಷೆ ಒಮ್ಮೆ ಮಾಡಿ ಮುಗಿಯುವಂಥದ್ದಲ್ಲ. ಡಯೋಡಿನ ಮೇಲ್ಮೈ, ವರ್ಧಕ, ಫಿಲ್ಟರುಗಳ ಸ್ಥಿತಿ ಕಾಲಕ್ರಮದಲ್ಲಿ ಬದಲಾಗುವುದರಿಂದ ಆಗಾಗ ಮರುಪರೀಕ್ಷೆ ಮಾಡಿಸಬೇಕು.